ಮನೆಗಾಡಿಯ ಎರಡು ಮುಚ್ಚಳ

"ಮುಟ್ಟಬೇಡ ಕಣೇ! ಅದು ಸ್ವಿಚ್ಚು!" ಎಂದು ಗುಂಗುರು ಕಿರುಚಿದಳು.

ಕಡ್ಡಿ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ಮುಟ್ಟಿದ್ದು ಸ್ವಿಚ್ಚನ್ನಲ್ಲ, ಪಕ್ಕದ ಗೋಡೆಯನ್ನು. ಗಾಡಿಯೊಳಗೆ ಗೋಡೆ ಇದೆ ಎಂದಮೇಲೆ ಮುಟ್ಟಿ ನೋಡದೆ ಇರುವುದಾದರೂ ಹೇಗೆ?

"ಟೇಪು ಸರಿಯಾಗಿ ಹಿಡ್ಕೊಳ್ಳೇ," ಎಂದಳು ಕಡ್ಡಿಯ ಅಮ್ಮ. ಅವಳು ಟೈಲರ್. ಈ ಗಾಡಿಯ ಕಿಟಕಿಗಳಿಗೆಲ್ಲ ಕರ್ಟನ್ ಹೊಲಿಯುವ ಕೆಲಸ ಅವಳಿಗೇ ಸಿಕ್ಕಿತ್ತು. ಅಳತೆ ತೆಗೆಯಲು ಬಂದಾಗ ಟೇಪಿನ ಇನ್ನೊಂದು ತುದಿ ಹಿಡಿಯಲು ಕಡ್ಡಿ ತಾನಾಗಿಯೇ ಓಡಿ ಬಂದಿದ್ದಳು. ಮನೆಯಲ್ಲಿ ಗುಂಡಿ ಹಾಕಿಕೊಡು ಎಂದರೆ ಕಾಲು ನೋವು, ತಲೆನೋವು ಎಲ್ಲ ಬರುವ ಹುಡುಗಿ ಅವಳು.

ತೆಳ್ಳಗಿದ್ದುದರಿಂದ ಅವಳು ಕಡ್ಡಿ. ತಲೆತುಂಬ ಸುರುಳಿ ಕೂದಲು ಇದ್ದುದರಿಂದ ಇವಳು ಗುಂಗುರು. ಎದುರುಬದುರು ಮನೆ, ಒಂದೇ ಕ್ಲಾಸು, ಒಂದೇ ಬೆಂಚು. ಹೋದ ತಿಂಗಳವರೆಗೆ ಇಬ್ಬರದೂ ಎಲ್ಲವೂ ಒಂದೇ ಥರ ಇತ್ತು. ಆಮೇಲೆ ಗುಂಗುರುವಿನ ಅಪ್ಪ ಈ ಮೋಟರ್‌ಹೋಮ್ ತಂದು ಬೀದಿಯಲ್ಲಿ ನಿಲ್ಲಿಸಿದರು. ಮಕ್ಕಳು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು.

ಮನೆಗಾಡಿ ಹೊಸದಲ್ಲ, ಸೆಕೆಂಡ್ ಹ್ಯಾಂಡು. ಆದರೂ ಏನಿಲ್ಲ ಅದರಲ್ಲಿ! ಎರಡು ಉರಿಯ ಒಲೆ. ಬಟ್ಟಲಿನಷ್ಟು ಪುಟ್ಟ ಸಿಂಕು. ಊಟದ ಟೇಬಲ್ಲನ್ನು ಕೆಳಗೆ ಇಳಿಸಿದರೆ ಅದೇ ಮಂಚ. ಡ್ರೈವರ್ ಸೀಟಿನ ಮೇಲುಗಡೆ ಗುಂಗುರುವಿಗೆಂದೇ ಒಂದು ಹಾಸಿಗೆ, ಅದಕ್ಕೊಂದು ಏಣಿ, ತಲೆಯ ಹತ್ತಿರ ಒಂದು ಕಿಟಕಿ. ಆ ಕಿಟಕಿಯನ್ನು ನೋಡಿದಾಗ ಕಡ್ಡಿಯ ಹೊಟ್ಟೆಯೊಳಗೆ ಏನೋ ಚುರುಕ್ ಎಂದಿತು. ಅದು ಹಸಿವಲ್ಲ, ಶುದ್ಧ ಹೊಟ್ಟೆಕಿಚ್ಚು.

"ಶನಿವಾರ ಬೆಳಗ್ಗೆ ಹೊರಡ್ತೀವಿ. ಸಮುದ್ರದ ಹತ್ರ ಇರೋ ಚಿಕ್ಕಜ್ಜಿ ಮನೆಗೆ," ಎಂದಳು ಗುಂಗುರು.

"ನಾನೂ ಬರ್ಲಾ?" ಬಾಯಿಂದ ಮಾತು ಜಾರಿಯೇ ಹೋಯಿತು.

"ಹೇಗೆ ಬರ್ತೀಯ? ಇರೋದೇ ನಾಲ್ಕು ಸೀಟ್ ಬೆಲ್ಟು. ಅಪ್ಪ, ಅಮ್ಮ, ಅಜ್ಜಿ, ನಾನು. ಫುಲ್!"

ಆ 'ಫುಲ್' ಅನ್ನು ಅಷ್ಟು ಖುಷಿಯಿಂದ ಹೇಳಬೇಕಾಗಿರಲಿಲ್ಲ.

ಹೊರಗೆ ಗುಂಗುರುವಿನ ಅಪ್ಪ ಬ್ರಷ್ ಹಿಡಿದು ಗಾಡಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಅವರಿಗೆ ಔಷಧಿ ಅಂಗಡಿಯಿದೆ. ಬಣ್ಣ ಬಳಿದು ಅಭ್ಯಾಸವಿಲ್ಲದ್ದರಿಂದ ಗಾಡಿಗಿಂತ ಹೆಚ್ಚು ಬಣ್ಣ ಅವರ ಮೂಗಿನ ಮೇಲಿತ್ತು. ಗಾಡಿಯ ಪಕ್ಕದಲ್ಲಿ ಎರಡು ಮುಚ್ಚಳಗಳಿದ್ದವು. ಮೊದಲು ಒಂದು ಕಪ್ಪು, ಒಂದು ನೀಲಿ. ಅಂಕಲ್ ಹುಮ್ಮಸ್ಸಿನಲ್ಲಿ ಎರಡಕ್ಕೂ ಬಿಳಿ ಬಳಿದುಬಿಟ್ಟಿದ್ದರು.

"ಅಯ್ಯೋ, ಈಗ ಗೊತ್ತಾಗೋದು ಹೇಗೆ?" ಎಂದು ಗುಂಗುರುವಿನ ಅಮ್ಮ, ಅಂದರೆ ಆಂಟಿ, ಹಣೆ ಚಚ್ಚಿಕೊಂಡರು.

"ಇದರಲ್ಲೇನಿದೆ? ಮುಂದಿನದು ಡೀಸೆಲ್ಲು, ಹಿಂದಿನದು ನೀರು. ಎಲ್ಲರೂ ಕೇಳಿಸ್ಕೊಂಡ್ರಾ?" ಎಂದರು ಅಂಕಲ್.

ಗುಂಗುರು ಆಗ ಏಣಿ ಹತ್ತುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವಳು ಕಡ್ಡಿ. ಆ ಗಾಡಿಯ ಬಗ್ಗೆ ಯಾರು ಏನು ಹೇಳಿದರೂ ಅವಳ ಕಿವಿ ನೆಟ್ಟಗಾಗುತ್ತಿತ್ತು. ಯಾವ ಬೀಗಕ್ಕೆ ಯಾವ ಕೀ, ಯಾವ ಟೈರು ಸವೆದಿದೆ, ಎಲ್ಲವೂ ಅವಳಿಗೆ ಬಾಯಿಪಾಠ. ಗಾಡಿ ಅವಳದಾಗಿದ್ದರೂ ಅಷ್ಟು ತಿಳಿದುಕೊಳ್ಳುತ್ತಿದ್ದಳೋ ಇಲ್ಲವೋ.

ಆ ವಾರವಿಡೀ ಕ್ಲಾಸಿನಲ್ಲಿ ಗುಂಗುರುವಿನದೇ ದರ್ಬಾರು. ಎಲ್ಲರಿಗೂ ಅವಳ ಪಕ್ಕದಲ್ಲೇ ಕೂರಬೇಕು. "ಗಾಡಿಯೊಳಗೆ ನಿಜವಾಗ್ಲೂ ಟಾಯ್ಲೆಟ್ ಇದೆಯಾ?" ಎಂದು ಕೇಳಬೇಕು. ಕಡ್ಡಿ ಬೆಂಚಿನ ತುದಿಗೆ ಸರಿದಳು. ಇನ್ನೂ ಸರಿದಳು. ಕೊನೆಗೊಂದು ದಿನ ದೊಪ್ಪನೆ ಕೆಳಗೇ ಬಿದ್ದಳು. ಎಲ್ಲರೂ ನಕ್ಕರು, ಗುಂಗುರುವೂ ನಕ್ಕಳು.

"ನಾವೂ ಒಂದು ಮನೆಗಾಡಿ ತಗೊಳ್ಳೋಣಮ್ಮ," ಎಂದು ಸಂಜೆ ಕೇಳಿದಳು ಕಡ್ಡಿ.

ಅಮ್ಮ ಮಿಷನ್ ನಿಲ್ಲಿಸಲೇ ಇಲ್ಲ. "ತಗೊಳ್ಳೋಣ. ಎಲ್ಲಿ ನಿಲ್ಲಿಸ್ತೀಯ, ನಿನ್ನ ಸ್ಕೂಲ್ ಬ್ಯಾಗಿನಲ್ಲಾ?"

ಅಮ್ಮ ಹೊಲಿಯುತ್ತಿದ್ದುದು ಆ ಮೇಲಿನ ಕಿಟಕಿಯ ಕರ್ಟನ್ನು. ಹಳದಿ ಬಟ್ಟೆ, ಮೇಲೆ ಪುಟ್ಟ ಪುಟ್ಟ ಮೀನು. ಕಡ್ಡಿ ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.

ಶನಿವಾರ ಬಂತು, ಸ್ಕೂಲಿಗೆ ರಜೆಯೂ ಶುರುವಾಯಿತು. ಕಡ್ಡಿ ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದಳು. ನೋಡುವುದಿಲ್ಲ ಎಂದು ರಾತ್ರಿಯೇ ಶಪಥ ಮಾಡಿದ್ದಳು. ಆದರೂ ಕೈಯಲ್ಲಿ ಒಂದು ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದಳು, ಬಾಳೆಹಣ್ಣು ತಿನ್ನಲು ಬಂದವಳ ಹಾಗೆ.

ಕೆಳಗೆ ಅಂಕಲ್ ಮನೆಯೊಳಗಿಂದ ಚೀಲಗಳನ್ನು ಹೊತ್ತು ತರುತ್ತಿದ್ದರು. "ನೀರು ನಾನೇ ತುಂಬಿಸ್ತೀನಪ್ಪಾ!" ಎಂದು ಗುಂಗುರು ಮುಚ್ಚಳಗಳ ಕೀ ಇಸಿದುಕೊಂಡಳು. ಬೀದಿಯ ಮಕ್ಕಳೆಲ್ಲ ಸುತ್ತ ನೆರೆದಿದ್ದರು. ಅವಳು ದೊಡ್ಡ ಡ್ರೈವರ್ ಥರ ಮುಚ್ಚಳ ತಿರುಗಿಸಿ ತೆಗೆದು, ಪೈಪು ತೂರಿಸಿ, "ಆನ್ ಮಾಡ್ರೋ!" ಎಂದಳು. ಯಾರೋ ನಲ್ಲಿ ತಿರುಗಿಸಿದರು.

ಅವಳು ತೆಗೆದದ್ದು ಮುಂದಿನ ಮುಚ್ಚಳ.

ಕಡ್ಡಿಗೆ ಅಂಕಲ್ ಮಾತು ನೆನಪಾಯಿತು. 'ಮುಂದಿನದು ಡೀಸೆಲ್ಲು.' ಕೂಗಲು ಬಾಯಿ ತೆರೆದಳು.

ಅಷ್ಟರಲ್ಲಿ ಗುಂಗುರು ತಲೆ ಎತ್ತಿ ನೋಡಿದಳು. ಪೈಪು ಹಿಡಿಯದ ಕೈಯನ್ನು ಮೇಲೆತ್ತಿ, ಬೀದಿಗೆಲ್ಲ ಕೇಳುವಂತೆ, "ಟಾಟಾ ಕಡ್ಡಿ! ನೀನು ಬಾಲ್ಕನಿಯಲ್ಲೇ ಇರು, ನಾವು ಸಮುದ್ರ ನೋಡ್ಕೊಂಡು ಬರ್ತೀವಿ!" ಎಂದಳು. ಮಕ್ಕಳೆಲ್ಲ ಹೋ ಎಂದು ನಕ್ಕರು.

ಕಡ್ಡಿ ತೆರೆದ ಬಾಯಿಗೆ ಬಾಳೆಹಣ್ಣು ಇಟ್ಟಳು.

'ನನಗೇನು? ಅವಳ ಗಾಡಿ, ಅವಳ ಪೈಪು. ಕೆಡಲಿ. ಚೆನ್ನಾಗಿ ಕೆಡಲಿ!' ಒಂದು ತುತ್ತು ಕಚ್ಚಿದಳು. ನೀರು ಹೋಗುತ್ತಲೇ ಇತ್ತು. ಇನ್ನೊಂದು ತುತ್ತು ಕಚ್ಚಿದಳು. ಕೊನೆಗೆ ಬರಿ ಸಿಪ್ಪೆ ಕೈಯಲ್ಲಿ ಉಳಿಯಿತು.

ಗುಂಗುರು ಪೈಪು ತೆಗೆದು ಮುಚ್ಚಳ ಮುಚ್ಚಿದಳು. ಆಗ ಆಂಟಿ ಅಜ್ಜಿಯ ಕೈ ಹಿಡಿದು ಕರೆತಂದರು. ಅಜ್ಜಿ ಹೊಸ ಬೂಟು ಹಾಕಿಕೊಂಡಿದ್ದರು. ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಉಸಿರು ತೆಗೆದುಕೊಂಡು, ಇನ್ನೊಂದು ಕಾಲಿಟ್ಟರು. ಮೇಲೆ ಹತ್ತಿದ ಮೇಲೆ ಬಾಲ್ಕನಿಯತ್ತ ತಿರುಗಿ, "ಬರ್ತೀನಿ ಕಣೇ ಮಗೂ! ನನ್ನ ತಂಗಿನ ನೋಡಿ ಬರ್ತೀನಿ!" ಎಂದು ಕೈ ಬೀಸಿದರು. ಅಂಕಲ್ ಸ್ಟೇರಿಂಗ್ ಮುಂದೆ ಕುಳಿತು ಕೀ ತೂರಿಸಿದರು.

"ಅಂಕಲ್! ಬೇಡ! ಸ್ಟಾರ್ಟ್ ಮಾಡ್ಬೇಡಿ!"

ಕೂಗಿದ್ದು ತಾನೇ ಎಂದು ಗೊತ್ತಾಗುವ ಹೊತ್ತಿಗೆ ಕಡ್ಡಿ ಮೆಟ್ಟಿಲು ಇಳಿದು ಓಡುತ್ತಿದ್ದಳು. ಸಿಪ್ಪೆ ಇನ್ನೂ ಕೈಯಲ್ಲೇ ಇತ್ತು.

ಡೀಸೆಲ್ ಟ್ಯಾಂಕಿಗೆ ನೀರು ಹೋಗಿದೆ ಎಂದು ಕಡ್ಡಿ ಹೇಳಿದ್ದೇ ಅಂಕಲ್ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಮುಂದಿನ ಮುಚ್ಚಳ ತೆಗೆದು ಬಗ್ಗಿ ನೋಡಿದ. "ಸ್ಟಾರ್ಟ್ ಮಾಡಿಲ್ಲ ತಾನೆ? ಬಚಾವ್! ಮಾಡಿದ್ರೆ ಈ ನೀರು ಎಂಜಿನ್‌ಗೆ ಹೋಗಿ ಅದರ ಕತೆ ಮುಗೀತಿತ್ತು. ಈಗ ಟ್ಯಾಂಕ್ ಇಳಿಸಿ ತೊಳೆದು ಒಣಗಿಸಬೇಕು. ಇರೋ ಡೀಸೆಲ್ಲೆಲ್ಲ ವೇಸ್ಟು. ಎರಡು ದಿನ ಬೇಕು, ಸಾರ್."

ಗುಂಗುರು ಅಳುತ್ತಿದ್ದಳು. ಅಂಕಲ್ ಅವಳನ್ನು ಬೈಯಲಿಲ್ಲ. "ಎರಡಕ್ಕೂ ಬಿಳಿ ಬಳಿದೋನು ನಾನು," ಎಂದು ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಆಂಟಿ ಮೆಲ್ಲಗೆ, "ಹೋದ ವಾರ ಬ್ಯಾಟರಿ. ಅದಕ್ಕೆ ಮುಂಚೆ ಇನ್ಶೂರೆನ್ಸು. ಟೈರು ಬೇರೆ ಬಾಕಿ. ಈಗ ಇದು. ಈ ಗಾಡಿಗಾಗಿ ಕಾರೂ ಮಾರಿದ್ವಿ, ಇವಳ ಸ್ವಿಮ್ಮಿಂಗ್ ಕ್ಲಾಸೂ ಬಿಡಿಸಿದ್ವಿ," ಎಂದರು.

ಸ್ವಿಮ್ಮಿಂಗ್ ಕ್ಲಾಸ್ ಬಿಟ್ಟಳೇ? "ಬೋರು, ಅದಕ್ಕೇ ಹೋಗ್ತಿಲ್ಲ," ಎಂದಿದ್ದಳಲ್ಲ ಗುಂಗುರು! ಕಡ್ಡಿ ಅವಳತ್ತ ನೋಡಿದಳು. ಗುಂಗುರು ಮುಖ ತಿರುಗಿಸಿಕೊಂಡಳು.

"ಈ ಮಗು ಕೂಗದೆ ಇದ್ದಿದ್ರೆ ಏನಾಗ್ತಿತ್ತು!" ಒಳಗೆ ಕುಳಿತಿದ್ದ ಅಜ್ಜಿ ಕಡ್ಡಿಯನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಗುಂಗುರುವೂ ಹಿಂದೆಯೇ ಬಂದಳು. "ಗಾಡಿ ಉಳಿಸಿದೆ ಕಣೇ ನೀನು," ಎಂದರು ಅಜ್ಜಿ. "ಒಂದು ಕೆಲಸ ಮಾಡು. ಸೋಮವಾರ ನನ್ನ ಸೀಟಿನಲ್ಲಿ ನೀನು ಹೋಗು. ನಾನು ಮನೇಲಿರ್ತೀನಿ."

"ಮತ್ತೆ ನಿಮ್ಮ ತಂಗಿ?"

"ಎಲ್ಲಿಗೆ ಓಡಿ ಹೋಗ್ತಾಳೆ ಬಿಡು. ಎಷ್ಟೋ ವರ್ಷದಿಂದ ಕಾಯ್ತಾ ಇದ್ದಾಳೆ. ನಂಗೆ ಗಳಿಗೆಗೊಂದು ಸಲ ಬಾತ್‌ರೂಮಿಗೆ ಹೋಗ್ಬೇಕು. ಬಸ್ಸಿನಲ್ಲಿ ಯಾರಿಗೆ ಹೇಳೋದು, ಎಲ್ಲಿ ನಿಲ್ಲಿಸೋದು? ಅದಕ್ಕೇ ಎಲ್ಲೂ ಹೋಗ್ತಿರಲಿಲ್ಲ. ನನ್ನ ಮಗ ಅದಕ್ಕೇ ಇದನ್ನ ತಂದ." ಅಜ್ಜಿ ಸೀಟನ್ನು ಮೆಲ್ಲಗೆ ತಟ್ಟಿದರು. "ಇನ್ನೊಂದು ಸಲ ಹೋದರಾಯ್ತು. ಈ ಸಲ ನೀನು."

ಆ ಸೀಟು! ಇಡೀ ತಿಂಗಳು ಹಗಲೂ ರಾತ್ರಿ ಆಸೆಪಟ್ಟ ಸೀಟು. 'ಹೂಂ' ಎಂದರೆ ಸಾಕಿತ್ತು. ಕಡ್ಡಿ ಅಜ್ಜಿಯ ಹೊಸ ಬೂಟುಗಳನ್ನೇ ನೋಡುತ್ತ ಕುಳಿತಳು. ಅವಳಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

"ಬೇಡ ಅಜ್ಜಿ," ಎಂದಳು. "ನಾನು ಮೊದ್ಲೇ ನೋಡಿದ್ದೆ."

"ಏನನ್ನ?"

"ಅವಳು ಡೀಸೆಲ್ ಮುಚ್ಚಳ ತೆಗೆದಿದ್ದು."

ಗುಂಗುರು ಅಳು ನಿಲ್ಲಿಸಿದಳು. "ಎಷ್ಟು ಮೊದ್ಲು?"

"ಬಾಳೆಹಣ್ಣು ತಿನ್ನೋಕೆ ಮುಂಚೆ."

"ತಿಂದು ಮುಗಿಸಿದ ಮೇಲೆ ಕೂಗಿದ್ಯಾ? ಪೂರ್ತಿ ತಿಂದು?"

ಕಡ್ಡಿ ಹೌದೆಂದು ತಲೆಯಾಡಿಸಿದಳು. ಗುಂಗುರು ಏಣಿ ಹತ್ತಿ, ತನ್ನ ಹಾಸಿಗೆಗೆ ಹೋಗಿ, ಮೀನಿನ ಕರ್ಟನ್ ಎಳೆದುಕೊಂಡು ಅದರ ಹಿಂದೆ ತಲೆ ತೂರಿಸಿಕೊಂಡಳು.

ಅಜ್ಜಿ ಒಮ್ಮೆ ಮೇಲಿನ ಕರ್ಟನ್ ಕಡೆ, ಒಮ್ಮೆ ಕಡ್ಡಿಯ ಕಡೆ ನೋಡಿದರು. ಆಮೇಲೆ, "ಹಣ್ಣು ರುಚಿಯಾಗಿತ್ತಾ?" ಎಂದು ಕೇಳಿದರು.

"ಇಲ್ಲ ಅಜ್ಜಿ."

ಇಷ್ಟು ಹೇಳುವಷ್ಟರಲ್ಲಿ ಕಡ್ಡಿಗೆ ಅಳು ಬಂದುಬಿಟ್ಟಿತು. ಅಜ್ಜಿ ಅವಳಿಗೆ ಕರವಸ್ತ್ರ ಕೊಟ್ಟರು. ಸೀಟಿನ ಮಾತು ಮತ್ತೆ ಎತ್ತಲಿಲ್ಲ.

ಭಾನುವಾರ ಗುಂಗುರು ಕಣ್ಣೆತ್ತಿಯೂ ನೋಡಲಿಲ್ಲ. ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಅಜ್ಜಿ ಅಭ್ಯಾಸವಾಗಲಿ ಎಂದು ಇಡೀ ದಿನ ಗಾಡಿಯಲ್ಲೇ ಇದ್ದರು, ಅಲ್ಲೇ ಊಟ ಮಾಡಿ ಅಲ್ಲೇ ನಿದ್ದೆ ತೆಗೆದರು. ಕಡ್ಡಿ ನಾಲ್ಕು ಸಲ ಗೇಟಿನವರೆಗೆ ಹೋಗಿ ನಾಲ್ಕು ಸಲವೂ ವಾಪಸ್ ಬಂದಳು.

ಸೋಮವಾರ ಬೆಳಗ್ಗೆ ಹೋದಾಗ ಗುಂಗುರು ಗಾಡಿಯ ಹಿಂಬದಿಯಲ್ಲಿ ಒಂದು ಚಿಕ್ಕ ಬಾಗಿಲು ತೆರೆದು, ಸೂಟ್‌ಕೇಸಿನಂಥ ಡಬ್ಬವೊಂದನ್ನು ಎಳೆಯುತ್ತಿದ್ದಳು. ಎರಡೂ ಕಡೆ ಹಿಡಿ ಇದ್ದ ಡಬ್ಬ. ಅದು ಅಲ್ಲಾಡಿದಾಗ ಒಳಗೆ ಗುಳುಗುಳು ಸದ್ದಾಯಿತು.

"ಏನದು?" ಎಂದಳು ಕಡ್ಡಿ.

ಗುಂಗುರು ತಿರುಗಿ ನೋಡದೆಯೇ, "ಟಾಯ್ಲೆಟ್ ಡಬ್ಬ. ಗಾಡಿಯ ಟಾಯ್ಲೆಟ್ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆ, ಆಕಾಶಕ್ಕಾ? ತುಂಬಿದಾಗೆಲ್ಲ ನಾವೇ ತಗೊಂಡ್ಹೋಗಿ ಖಾಲಿ ಮಾಡಿ ತೊಳೀಬೇಕು. ನಂದೇ ಡ್ಯೂಟಿ," ಎಂದಳು.

ಇದನ್ನು ಅವಳು ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಒಂದು ಕೈಯಲ್ಲಿ ಎತ್ತಲು ನೋಡಿದಳು. ಡಬ್ಬ ಒಂದು ಪಕ್ಕಕ್ಕೆ ವಾಲಿತು. ಕಡ್ಡಿ ಅಲ್ಲೇ ನಿಂತಿದ್ದಳು. ಹತ್ತಿರ ಹೋದರೆ ಬೈಯುತ್ತಾಳೋ ಏನೋ ಎಂದು ಹೆದರಿಕೆ.

"ಇವತ್ತೂ ಸುಮ್ನೆ ನಿಂತು ನೋಡ್ತಾ ಇರ್ತೀಯೋ, ಇಲ್ಲ ಹಿಡ್ಕೊಳ್ತೀಯೋ?" ಎಂದಳು ಗುಂಗುರು.

ಕಡ್ಡಿ ಓಡಿ ಹೋಗಿ ಇನ್ನೊಂದು ಹಿಡಿಯನ್ನು ಹಿಡಿದುಕೊಂಡಳು. ಇಬ್ಬರೂ ಮನೆಯ ಹಿಂದಿನ ಬಾತ್‌ರೂಮಿನ ಕಡೆ ಹೊರಟರು. ಒಬ್ಬಳು ಎಡಗೈಯಲ್ಲಿ ಮೂಗು ಹಿಡಿದಿದ್ದಳು, ಇನ್ನೊಬ್ಬಳು ಬಲಗೈಯಲ್ಲಿ.

"ನಿಂಗೆ ಇನ್ನೂ ಮನೆಗಾಡಿ ಬೇಕಾ?" ಮೂಗು ಮುಚ್ಚಿಕೊಂಡೇ ಕೇಳಿದಳು ಗುಂಗುರು.

ಕಡ್ಡಿ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ," ಎಂದಳು. "ಆ ಮೇಲಿನ ಕಿಟಕಿ ಬೇಕು."

"ನಂಗೆ ಸ್ವಿಮ್ಮಿಂಗ್ ಬೇಕಿತ್ತು," ಎಂದಳು ಗುಂಗುರು.

ಡಬ್ಬ ಗುಳುಗುಳು ಎಂದಿತು. "ಏಯ್, ನಿಧಾನ! ಚೆಲ್ಲುತ್ತೆ!"

ಕಡ್ಡಿ ಹೆಜ್ಜೆ ಚಿಕ್ಕದು ಮಾಡಿದಳು. ಗುಂಗುರುವೂ ಮಾಡಿದಳು. ಗಾಡಿಯ ಕಿಟಕಿಯಿಂದ ಅಜ್ಜಿ ನೋಡುತ್ತಿದ್ದರು. ಇಬ್ಬರೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುತ್ತ, ಒಂದು ಹನಿಯೂ ಚೆಲ್ಲದಂತೆ ಡಬ್ಬವನ್ನು ಬಾಗಿಲವರೆಗೆ ಒಯ್ದರು.