ಏಳು ಕಲ್ಲುಗಳ ಷರಾ

ದೂರು ಬರೆದುಕೊಂಡು ಮುಗಿಸಿದ ಮೇಲೆ ಠಾಣೆಯ ರೈಟರ್ ಡ್ರಾಯರಿನಿಂದ ತನ್ನ ಸ್ವಂತ ಡೈರಿ ತೆಗೆದು ಒಂದೇ ಸಾಲು ಬರೆದಳು: ‘ಆ ತಾತ ನನ್ನ ಗುರುತು ಹಿಡಿದರೆ?’

ಪದವಿ ಮುಗಿಸಿ ಕಾನ್‌ಸ್ಟೇಬಲ್ ಆದವಳು. ಅಕ್ಷರ ದುಂಡಗಿದೆಯೆಂದು ಬರವಣಿಗೆಗೆ ಹಾಕಿದ್ದರು. ಜನರ ಮುಖ ನೋಡಿ ಮಾತಾಡುವುದಕ್ಕಿಂತ ಕಾಗದ ನೋಡಿ ಬರೆಯುವುದು ಅವಳಿಗೂ ಹಿತವಾಗಿತ್ತು. ಮಾರ್ಚ್ 3ರಂದು ಅವಳು ಮೇಜಿನ ಮುಂದೆ ಒಬ್ಬಳೇ ಇದ್ದಾಗ ಚರ್ಚಿನ ಸಮಾಧಿ ಅಂಗಳ ಕಾಯುವ ಮುದುಕ ಬಂದಿದ್ದ. ಗೋಡೆ ಪಕ್ಕದ ಎಂಟು ಸಮಾಧಿ ಕಲ್ಲುಗಳು ವಾಲಿವೆ, ಯಾರ ಮೇಲಾದರೂ ಬೀಳುತ್ತವೆ, ಚರ್ಚಿನವರಿಗೆ ಠಾಣೆಯಿಂದ ಒಂದು ಮಾತು ಹೇಳಿಸಿ ಎಂದಿದ್ದ. ಮಾತು ಬೇಗ ಮುಗಿಯಲೆಂದು ಅವಳು ‘ನೋಡೋಣ’ ಎಂದಿದ್ದಳು. ಅವನು ‘ಆಯ್ತಮ್ಮ’ ಎಂದು ಹೋಗಿದ್ದ. ಅರ್ಜಿ ಪುಸ್ತಕದಲ್ಲಿ ಅವಳು ಏನೂ ಬರೆದಿರಲಿಲ್ಲ.

ಇಂದು ಆಗಸ್ಟ್ 22, ಶುಕ್ರವಾರ. ಬೆಳಿಗ್ಗೆ 9.40ಕ್ಕೆ ಬಂದ ದೂರುದಾರರು ಅದೇ ಚರ್ಚಿನ ಪಾದ್ರಿ. ಯಾರೋ ಸಮಾಧಿ ಅಂಗಳದ ಗೇಟಿನ ಚಿಲಕ ಕಿತ್ತು ಒಳಹೊಕ್ಕು ಏಳು ಕಲ್ಲುಗಳನ್ನು ಉರುಳಿಸಿದ್ದಾರೆ. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

“ಬೇಗ ಹೊರಡಿ,” ಎಂದರು ಇನ್ಸ್‌ಪೆಕ್ಟರ್. “ಸತ್ತೋರ ವಿಷಯ. ಬದುಕಿರೋರು ಗುಂಪು ಕಟ್ಕೊಂಡು ಬರೋಷ್ಟರಲ್ಲಿ ನಾವಲ್ಲಿರ್ಬೇಕು.”

ಗುಂಪು ಆಗಲೇ ಸೇರಿತ್ತು. ಅದನ್ನು ಗೇಟಿನಾಚೆ ನಿಲ್ಲಿಸಿ 11.20ಕ್ಕೆ ಪಂಚನಾಮೆ ಶುರು ಮಾಡಿದರು. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಮುಂದೆ ಬಂದವನು ಆ ಮುದುಕನೇ. ಉಗುರಿನ ಸಂದಿಯಲ್ಲಿ ಸುಣ್ಣ. ಅವಳು ತಲೆಯೆತ್ತಲಿಲ್ಲ.

“ಉರುಳ್ಸಿದಾರೆ ಅಂದ್ರಲ್ಲ ಫಾದರ್, ಇದು ಮಲಗ್ಸಿರೋದು,” ಎಂದ ದಫೇದಾರ, ಕಲ್ಲಿನ ಬಳಿ ಕುಕ್ಕರಗಾಲಲ್ಲಿ ಕೂತು. “ಕೆಳಗೆ ಗೋಣಿಚೀಲ ಬೇರೆ ಹಾಸಿದಾನೆ. ನಮ್ಮನೇಲಿ ನಂಗಿಷ್ಟು ಉಪಚಾರ ಇಲ್ಲ.”

ಏಳೂ ಕಲ್ಲುಗಳು ಹೆಸರಿನ ಮಗ್ಗುಲು ಮೇಲಾಗಿ, ಒಂದೇ ಅಂತರದಲ್ಲಿ ಮಲಗಿದ್ದವು. ಒಂದರ ಅಂಚೂ ಚಕ್ಕೆ ಎದ್ದಿರಲಿಲ್ಲ. ಎಂಟನೆಯ ಜಾಗದಲ್ಲಿ ಮಾತ್ರ ಒಂದು ಕಲ್ಲು ನೆಟ್ಟಗೆ ನಿಂತಿತ್ತು, ಬುಡಕ್ಕೆ ಹೊಸ ಸಿಮೆಂಟು.

“ಚಿಲಕ ಎಲ್ಲಿ?” ಇನ್ಸ್‌ಪೆಕ್ಟರ್ ಕೇಳಿದರು.

ಚಿಲಕ ಗೋಡೆಯ ಮೇಲಿತ್ತು. ಪಕ್ಕದಲ್ಲಿ ಒಂದು ಪುಟ್ಟ ಪೊಟ್ಟಣ. ಬಿಚ್ಚಿದರೆ ನಾಲ್ಕು ಸ್ಕ್ರೂ.

“ಕಳೆದುಹೋಗ್ಬಾರ್ದು ಅಂತ ಕಟ್ಟಿಟ್ಟಿದಾನೆ ಪುಣ್ಯಾತ್ಮ. ಬರ್ಕೋ ಡಿಗ್ರಿ,” ಎಂದ ದಫೇದಾರ. ರೈಟರನ್ನು ಅವನು ಕರೆಯುತ್ತಿದ್ದುದೇ ಹಾಗೆ.

ಪೊಟ್ಟಣದ ಕಾಗದವನ್ನು ಇನ್ಸ್‌ಪೆಕ್ಟರ್ ಬಿಡಿಸಿ ನೋಡಿದರು. ಗೆರೆ ಎಳೆದು ಮೂರು ಕಾಲಂ ಮಾಡಿದ ಹಾಳೆ: ದಿನಾಂಕ, ಕೆಲಸ, ಷರಾ. ಮೂರೂ ಖಾಲಿ.

“ಇದು ನಮ್ಮ ರಿಪೇರಿ ಪುಸ್ತಕದ್ದು,” ಎಂದರು ಪಾದ್ರಿ.

ಪುಸ್ತಕ ಚರ್ಚಿನ ಹಿಂದಿನ ಕೋಣೆಯಲ್ಲಿ, ಮೇಣದ ಬತ್ತಿಗಳ ಪೆಟ್ಟಿಗೆಯ ಮೇಲಿತ್ತು. ಕೊನೆಯ ಹಾಳೆ ಹರಿದಿತ್ತು. ಕಾವಲುಗಾರನ ದಪ್ಪ ಅಕ್ಷರ: ‘ಮಾಡಿನ ದೋಣಿ ಸೋರುತ್ತಿದೆ.’ ‘ಗಂಟೆಯ ಹಗ್ಗ ಸವೆದಿದೆ.’ ‘ಗೋಡೆ ಬದಿ ಎಂಟು ಕಲ್ಲು ವಾಲಿವೆ.’ ಈ ಕೊನೆಯ ಸಾಲು ಹನ್ನೊಂದು ಸಲ ಇತ್ತು. ಹನ್ನೊಂದು ಸಲವೂ ಷರಾದಲ್ಲಿ ಬೇರೊಂದು ಕೈಬರಹ: ‘ನೋಡೋಣ.’

ಜೂನ್ 9: ‘ಎಂಟನೇ ಕಲ್ಲು ಬಿದ್ದಿದೆ.’ ಷರಾ: ‘ಎತ್ತಿ ನಿಲ್ಲಿಸಿ.’

“ಷರಾ ಬರೆದಿದ್ದು?”

“ನಾನೇ,” ಎಂದರು ಪಾದ್ರಿ. “ಮನೆಯವರ ಒಪ್ಪಿಗೆ ಇಲ್ದೆ ಸಮಾಧಿ ಮುಟ್ಟೋ ಹಾಗಿಲ್ಲ. ಕೆಲವು ಮನೆಯವರು ಎಲ್ಲಿದಾರೋ ಗೊತ್ತಿಲ್ಲ. ಸಮಿತಿಗೆ ಹೇಳಿದೀನಿ.”

“ಜೂನಲ್ಲಿ ಬಿದ್ದಾಗ ಯಾರಿಗಾದ್ರೂ ಪೆಟ್ಟಾಯ್ತಾ?”

ಪಾದ್ರಿ ಕನ್ನಡಕ ತೆಗೆದು ಒರೆಸತೊಡಗಿದರು. “ಅವನ ಹೆಂಡತಿಗೆ. ಕಳೆ ಕೀಳ್ತಾ ಇದ್ಲು.”

ಮುದುಕನ ಕೋಣೆ ಗೇಟಿನ ಪಕ್ಕದಲ್ಲೇ ಇತ್ತು. ಮಂಚದಡಿ ಹಗ್ಗ, ಮರದ ಬೆಣೆಗಳು, ಸ್ಕ್ರೂಡ್ರೈವರ್. ಎಲ್ಲಕ್ಕೂ ಎಣ್ಣೆ ಸವರಿತ್ತು. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮಧ್ಯಾಹ್ನ 2.10ಕ್ಕೆ ದಸ್ತಗಿರಿ. ಗೇಟಿನಲ್ಲಿ ಯಾರೋ ಅವನ ಮೇಲೆ ಉಗುಳಿದರು. ಅವನು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಪಾದ್ರಿಗಳಿಗೆ ಕೊಟ್ಟ.

“ಉದ್ದದ್ದು ಗಂಟೆಗೋಪುರದ್ದು ಫಾದರ್. ಎಡಕ್ಕೆ ತಿರುಗಿಸ್ಬೇಕು.”

ಠಾಣೆಯಲ್ಲಿ 3.30ಕ್ಕೆ ಹೇಳಿಕೆ. ರೈಟರ್ ಎದುರಿಗೇ ಕೂರಬೇಕಾಯಿತು.

“ಯಾವಾಗ ಮಾಡಿದ್ದು?”

“ನಿನ್ನೆ ಮಧ್ಯಾಹ್ನ ಸಾರ್. ಗೇಟು ಹಾಕ್ಕೊಂಡು.”

“ನಿನ್ನೇನೇ ಯಾಕೆ?”

“ಬುಧವಾರ ಒಬ್ರಮ್ಮ ಮೂರನೇ ಕಲ್ಲಿಗೆ ಒರಗಿ ಅಳ್ತಿದ್ರು. ಏಳಮ್ಮ ಅಂದೆ. ಅಳೋಕೂ ಬಿಡಲ್ವಾ ಅಂದ್ರು.”

“ಚಿಲಕ ಯಾಕೆ ಬಿಚ್ಚಿದ್ದು? ಬೀಗದ ಕೈ ನಿನ್ ಹತ್ರಾನೇ ಇತ್ತಲ್ಲ.”

“ಹೊರಗಿನೋರು ಮಾಡಿದ್ರು ಅಂದ್ರೆ ಯಾರಾದ್ರೂ ಬಂದು ನೋಡ್ತಾರೆ ಸಾರ್. ವಾಲಿದೆ ಅಂದ್ರೆ ಯಾರೂ ಬರಲ್ಲ.”

“ನಿನ್ ಹೆಂಡ್ತಿ?”

“ಪೆಟ್ಟಾದ್ಮೇಲೆ ಹದಿನೆಂಟು ದಿನ ಇದ್ಲು. ಅಲ್ಲೇ ಮೂಲೇಲಿದಾಳೆ. ಕಲ್ಲು ಹಾಕ್ಸಿಲ್ಲ. ಅವಳ ಮೇಲೆ ಒಂದು ಬಿದ್ದಿದ್ದೇ ಸಾಕು.”

ಚರ್ಚಿನಿಂದ ಫೋನ್ ಬಂತು. ಇನ್ಸ್‌ಪೆಕ್ಟರ್ ಕೇಳಿ ಇಟ್ಟರು. “ಆರು ಮನೆಯವರು ಬಂದಿದ್ರಂತೆ. ಏಳನ್ನೂ ಎತ್ತಿ ನಿಲ್ಸಾಯ್ತಂತೆ.”

“ಬುಡಕ್ಕೆ ಸಿಮೆಂಟು ಹಾಕಿದ್ರಾ ಸಾರ್?” ಮುದುಕ ಕೇಳಿದ.

“ಇಲ್ಲ. ಇದ್ದ ಹಾಗೇ ಇರ್ಲಿ ಅಂದ್ರಂತೆ.”

ಮುದುಕ ತನ್ನ ಕೈಗಳನ್ನು ನೋಡಿಕೊಂಡ.

“ಪುಸ್ತಕ ಬಿಟ್ಟು ಬೇರೆ ಯಾರಿಗಾದ್ರೂ ಹೇಳಿದ್ಯಾ?” ಎಂದರು ಇನ್ಸ್‌ಪೆಕ್ಟರ್.

ಮುದುಕ ಮೊದಲ ಸಲ ರೈಟರ ಮುಖ ನೋಡಿದ. ಗುರುತು ಹಿಡಿದಿದ್ದ. ಬೆಳಿಗ್ಗೆ ಟೇಪು ಹಿಡಿದಾಗಲೇ ಹಿಡಿದಿದ್ದನೆಂದು ಅವಳಿಗೆ ಈಗ ತಿಳಿಯಿತು.

“ಇಲ್ಲ ಸಾರ್,” ಎಂದ. “ಯಾರಿಗೂ ಹೇಳ್ಲಿಲ್ಲ.”

ಇನ್ಸ್‌ಪೆಕ್ಟರ್ ಗೋಡೆಯ ಕಡೆ ನೋಡುತ್ತ ಹೇಳಿ ಬರೆಸಿದರು: “ಪತ್ನಿಯ ಮರಣದಿಂದ ಮನನೊಂದು ಆರೋಪಿಯು ಈ ಕೃತ್ಯ ಎಸಗಿರುತ್ತಾನೆ. ಸದರಿ ಅಪಾಯದ ಬಗ್ಗೆ ಈ ಮುಂಚೆ ಠಾಣೆಗೆ ಯಾವುದೇ ಮಾಹಿತಿ ನೀಡಿರುವುದಿಲ್ಲ.”

‘ನೀಡಿ’ ಎಂಬಲ್ಲಿಗೆ ಪೆನ್ನು ನಿಂತಿತು.

“ಏನಮ್ಮ, ಬರಿ.”

“ಕೊಟ್ಟಿದ್ರು ಸಾರ್.” ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಮಾರ್ಚ್ ಮೂರನೇ ತಾರೀಕು. ಇದೇ ಮೇಜಿನ ಹತ್ರ. ‘ನೋಡೋಣ’ ಅಂದು ಕಳ್ಸಿದ್ದು ನಾನು.”