ಮಡಚಿದ ಬೆರಳಿನ ದಿಕ್ಕು

ಯಲಬುರ್ಗಾ ಠಾಣೆಗೆ ದೂರು ಬಂದದ್ದು ೧೯೪೧ನೆಯ ಇಸವಿ ಸೆಪ್ಟೆಂಬರ್ ಆರನೆಯ ತಾರೀಖು, ಶನಿವಾರ ಬೆಳಿಗ್ಗೆ. ತಂದವರು ಹತ್ತಿ ವ್ಯಾಪಾರಿ ದೊಡ್ಡಬಸಪ್ಪನವರು. ಅವರ ಮೋಟಾರು ಸದ್ದು ನಿಲ್ಲಿಸುವ ಮೊದಲೇ ಅವರ ಬಾಯಿ ಶುರುವಾಗಿತ್ತು.

“ನನ್ನ ದುರ್ಬೀನು ಕಳುವಾಗೇತ್ರಿ ಅಮೀನಸಾಹೇಬ್ರ! ಮುಂಬೈಯಿಂದ ತರಿಸಿದ್ದು. ಹೆಂಡ್ತಿಗಿಂತ ಹೆಚ್ಚು ಜ್ವಾಕಿ ಮಾಡಿದ್ದೆ!”

“ಈ ಮಾತು ಎಫ್‌ಐಆರ್‌ನಾಗ ಬರೀಲೇನ್ರಿ?” ಎಂದು ದೇವೇಂದ್ರಪ್ಪ ಕೇಳಿದರು.

“ಬ್ಯಾಡ್ರಿ. ಆಕಿ ಓದ್ತಾಳ.”

ನಿಜಾಮರ ಸೀಮೆಯಲ್ಲಿ ಠಾಣೆಯ ಮುಖ್ಯಸ್ಥನಿಗೆ ಅಮೀನ ಎನ್ನುವುದು ವಾಡಿಕೆ. ಯಲಬುರ್ಗಾದ ಅಮೀನ ದೇವೇಂದ್ರಪ್ಪ ನಗು ನುಂಗಿಕೊಂಡು, ಜವಾನ ದ್ಯಾವಪ್ಪನಿಗೆ ಕುರ್ಚಿ ತರಲು ಹೇಳಿ, ದೂರು ಬರೆಸಿಕೊಂಡರು. ಕಳುವಾದದ್ದು ನಿನ್ನೆ ಶುಕ್ರವಾರ. ಜಾಗ ಅದೇ ತಾಲೂಕಿನ ಮಂಗಳೂರು ಎಂಬ ಹಳ್ಳಿಯ ಆಚೆಯ ಹುಲ್ಲುಬಯಲು. ಸ್ಥಳದಲ್ಲಿದ್ದವರು ನಾಲ್ಕು ಜನ: ದೊಡ್ಡಬಸಪ್ಪನವರು, ಅವರ ಹೆಂಡತಿ ವಿರೂಪಾಕ್ಷಮ್ಮ, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಶಾಂತಕ್ಕ ಮತ್ತು ಸರಕಾರಿ ದವಾಖಾನೆಯ ಸೂಲಗಿತ್ತಿ ನೂರಜಾನಬಿ.

ಈ ನಾಲ್ವರನ್ನು ಊರು ‘ಹಕ್ಕಿ ಹುಚ್ಚರು’ ಎಂದು ಕರೆಯುತ್ತಿತ್ತು. ಶುಕ್ರವಾರ ರಾಜ್ಯಕ್ಕೆಲ್ಲ ರಜೆ. ಊರಿನ ಉಳಿದವರು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ಹೊತ್ತಿಗೆ ಇವರು ಬುತ್ತಿ ಕಟ್ಟಿಕೊಂಡು ಮೋಟಾರು ಹತ್ತುತ್ತಿದ್ದರು. ಒಂದು ಶುಕ್ರವಾರ ಕಪ್ಪು ಮಣ್ಣಿನ ಎರೆಸೀಮೆಯ ನೆರಳಿಲ್ಲದ ಬಯಲು, ಮುಂದಿನ ಶುಕ್ರವಾರ ಹನುಮನಹಳ್ಳಿಯ ಬಂಡೆಗುಡ್ಡ. ಹಿಂದಿನ ವಾರ ದೇವೇಂದ್ರಪ್ಪನವರೂ ಅವರ ಜೊತೆ ಗುಡ್ಡ ಹತ್ತಿದ್ದರು. ಬಂಡೆಯ ಚಾವಣಿಗೆ ಮಣ್ಣಿನ ಗೂಡು ಮೆತ್ತಿದ್ದ ಸಣ್ಣ ಕಂದುಹಕ್ಕಿಯನ್ನು ನೂರಜಾನಬಿ ಬೆರಳು ಮಡಚಿ ತೋರಿಸಿದ್ದಳು. ದುರ್ಬೀನಿನಲ್ಲಿ ಮರಿಗಳ ಹಳದಿ ಬಾಯಿ ಕಂಡಾಗ ಅಮೀನರು ಟೋಪಿ ಬಿದ್ದದ್ದೂ ತಿಳಿಯದೆ ಗಟ್ಟಿಯಾಗಿ ನಕ್ಕುಬಿಟ್ಟಿದ್ದರು. ಅಷ್ಟು ಖುಷಿಯಾಗಿ ನಕ್ಕು ಅವರಿಗೆ ವರ್ಷಗಳಾಗಿದ್ದವು.

“ಹುಡುಕೋಣ್ರಿ. ಗಡಿಬಿಡಿ ಯಾಕ?” ಎಂದರು.

“ಗಡಿಬಿಡಿ ಐತ್ರಿ. ಬರೋ ಶುಕ್ರವಾರ ಹೈದರಾಬಾದಿನ ಸಾಹೇಬ್ರು ಬ್ಯಾಟಿಗೆ ಬರ್ತಾರ. ಎರಿಭೂತ ತೋರಸ್ತೀನಿ ಅಂತ ಮಾತು ಕೊಟ್ಟೇನಿ. ಅದರ ಕೂಗು ಆ ಬಯಲಿನಾಗ ಕೇಳೇವಿ. ದುರ್ಬೀನು ಇಲ್ಲಂದ್ರ ಅಷ್ಟು ದೊಡ್ಡ ಬಯಲಿನಾಗ ಅದನ್ನ ಎಲ್ಲಿ ಹುಡುಕಲಿ? ನಿಮ್ಮ ಮ್ಯಾಲಿನವರ ಮ್ಯಾಲಿನವರು ಅವರು. ಸಿಟ್ಟಿಗೆದ್ರ ನಿಮ್ಮನ್ನ ಎಲ್ಲಿಗೆ ಒಗಿತಾರೋ ಏನೋ!”

ಎರೆಭೂತವೆಂದರೆ ಕುರಿಮರಿಯಷ್ಟು ಎತ್ತರದ, ಹುಲ್ಲಿನ ಬಣ್ಣದ, ಮಹಾ ನಾಚಿಕೆಯ ಹಕ್ಕಿ. ಅದರ ಮಾಂಸ ರುಚಿಯೆಂದು ಬಂದೂಕಿನವರ ಮಾತು. ದೇವೇಂದ್ರಪ್ಪನವರಿಗೆ ಕಸಿವಿಸಿಯಾಯಿತು. ದುರ್ಬೀನು ಸಿಕ್ಕರೆ ಹಕ್ಕಿ ಹೋಗುತ್ತದೆ, ಸಿಗದಿದ್ದರೆ ತಾವು ಹೋಗಬೇಕಾಗುತ್ತದೆ. ಆದರೂ ದೂರು ದೂರೇ. ರುಜು ಹಾಕಿ ತನಿಖೆ ಶುರು ಮಾಡಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಸ್ಥಳ ಪಂಚನಾಮೆ. ಮಂಗಳೂರಿನ ಇಬ್ಬರು ಪಂಚರು ಬಂದರು. ನಾಲ್ವರು ಹಕ್ಕಿ ಹುಚ್ಚರನ್ನೂ ಕರೆಸಲಾಗಿತ್ತು. ಮಳೆ ಬಿದ್ದು ಹದಿನೈದು ದಿನವಾಗಿದ್ದರಿಂದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ತಂಗಡಿ ಗಿಡಗಳು ಹಳದಿ ಹೂ ಹೊತ್ತಿದ್ದವು. ಎಲ್ಲಿಂದಲೋ ಬಾನಾಡಿಯೊಂದು ಹಾಡುತ್ತ ಮೇಲೇರಿತು. ದೂರುದಾರ, ಸಾಕ್ಷಿ, ಪಂಚ, ಪೊಲೀಸ ಎಲ್ಲರೂ ಕತ್ತೆತ್ತಿ ನಿಂತರು. ಪಂಚನಾಮೆ ಶುರುವಾಗಲು ಆ ಹಾಡು ಮುಗಿಯಬೇಕಾಯಿತು.

“ದುರ್ಬೀನು ಕಡೀಗೆ ಯಾರ ಕೈಯಾಗಿತ್ತು?”

“ನಾ ಶಾಂತಕ್ಕಗ ಕೊಟ್ಟೆ,” ಎಂದರು ವಿರೂಪಾಕ್ಷಮ್ಮ.

“ನಾ ನೂರಜಾನಬಿಗೆ ಕೊಟ್ಟೇನ್ರಿ. ಆಮ್ಯಾಲೆ ಬಾಯಾಗ ಹಾವು ಹಿಡಕೊಂಡು ಹದ್ದು ಬಂತು. ಎಲ್ಲಾರೂ ಅದರ ಹಿಂದ ಓಡಿದ್ವಿ,” ಎಂದಳು ಶಾಂತಕ್ಕ.

“ನೂರಜಾನಬಿ, ನೀವು ಯಾರಿಗೆ ಕೊಟ್ರಿ?”

“ಯಜಮಾನ್ರಿಗೆ ಕೊಟ್ಟೆ ಅನಸ್ತದ ಸಾಬ್.”

“ನನಗ ನೆಪ್ಪಿಲ್ಲ. ನಾ ಹದ್ದು ನೋಡಾಕತ್ತಿದ್ದೆ,” ಎಂದರು ದೊಡ್ಡಬಸಪ್ಪನವರು.

“ಮೋಟಾರು ಹತ್ತೋ ಮುಂದ ಚೀಲ ನೋಡಿದ್ರೇನು?”

“ಎಲ್ಲಾರ ಚೀಲ ಝಾಡಿಸಿ ನೋಡೇವ್ರಿ. ಬರೇ ಬುತ್ತಿ ಶೇಂಗಾ ಹಿಂಡಿ ಸಿಕ್ತು,” ಎಂದರು ವಿರೂಪಾಕ್ಷಮ್ಮ.

ಹಾಗಾದರೆ ದುರ್ಬೀನು ಬಯಲು ಬಿಟ್ಟು ಹೋಗಿಲ್ಲ ಎಂದು ದೇವೇಂದ್ರಪ್ಪನವರು ಮನಸ್ಸಿನಲ್ಲೇ ಬರೆದುಕೊಂಡರು. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕರೆದು, ಹದ್ದು ಬಂದಾಗ ಎಲ್ಲೆಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ಏನಿತ್ತು ಎಂದು ಕೈ ಮಾಡಿ ತೋರಿಸಲು ಹೇಳಿದರು. ಕೊನೆಗೆ ನೂರಜಾನಬಿಯ ಸರದಿ ಬಂತು.

“ಮೋಟಾರು ಎಲ್ಲಿತ್ತು?”

“ಅಲ್ಲಿ.” ನೇರ ಬೆರಳು.

“ಹದ್ದು?”

“ಆ ಬನ್ನಿಗಿಡದ ಮ್ಯಾಲೆ.” ಮತ್ತೆ ನೇರ ಬೆರಳು.

“ತೆಂಕಣಕ್ಕ, ಆ ತಂಗಡಿ ಪೊದಿ ಕಡೆ ಏನಿತ್ತು?”

“ಅಲ್ಲೇನಿಲ್ಲ ಸಾಬ್, ಬರೇ ಹುಲ್ಲು,” ಎಂದು ನೂರಜಾನಬಿ ಕೈಯೆತ್ತಿದಳು. ತೋರುಬೆರಳು ತಾನಾಗಿಯೇ ಮಡಚಿಕೊಂಡಿತು.

ದೇವೇಂದ್ರಪ್ಪನವರಿಗೆ ತಮ್ಮ ತಾಯಿ ಹಿತ್ತಲಲ್ಲಿ ಬೈಯುತ್ತಿದ್ದುದು ನೆನಪಾಯಿತು. ಬಳ್ಳಿಯಲ್ಲಿ ಸೌತೆಯ ಹೀಚು ಕಂಡರೆ ನೇರ ಬೆರಳು ಮಾಡಬಾರದು, ಮಾಡಿದರೆ ಹೀಚು ಉದುರುತ್ತದೆ. ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಈ ಸೀಮೆಯ ಮಕ್ಕಳೆಲ್ಲ ಇದನ್ನು ಕಲಿತೇ ಬೆಳೆದವರು. ಸುಳ್ಳು ಹೇಳಲು ನಾಲಿಗೆಯನ್ನು ಒಪ್ಪಿಸಬಹುದು, ಬೆರಳನ್ನು ಒಪ್ಪಿಸಲು ನೂರಜಾನಬಿಗೆ ನೆನಪಾಗಿರಲಿಲ್ಲ. ಬರೀ ಹುಲ್ಲಿಗೆ ಯಾರೂ ಬೆರಳು ಮಡಚುವುದಿಲ್ಲ.

ಉಳಿದವರನ್ನು ದ್ಯಾವಪ್ಪನ ಬಳಿ ನಿಲ್ಲಿಸಿ, ಆಕೆಯೊಬ್ಬಳನ್ನೇ ಕರೆದುಕೊಂಡು ಅಮೀನರು ಪೊದೆಯ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ನೂರಜಾನಬಿ ಅವರ ತೋಳು ಹಿಡಿದಳು.

“ಮುಂದ ಬ್ಯಾಡ ಸಾಬ್. ಕಾಲ ಕೆಳಗ ನೋಡ್ರಿ.”

ಹುಲ್ಲಿನಿಂದ ಉದ್ದನೆಯ ಬಿಳಿ ಕತ್ತೊಂದು ಎದ್ದಿತು. ಎರೆಭೂತ ಗಂಭೀರವಾಗಿ, ದೇಸಗತಿ ಮನೆಯ ಹಿರಿಯ ಹೆಂಗಸು ಅಂಗಳ ದಾಟುವಂತೆ, ಹತ್ತಿಪ್ಪತ್ತು ಹೆಜ್ಜೆ ದೂರ ನಡೆದು ತಿರುಗಿ ನಿಂತಿತು. ಬರಿಯ ನೆಲದ ಮೇಲೆ ಒಂದೇ ಒಂದು ಮೊಟ್ಟೆ. ಅದರಾಚೆ ತಂಗಡಿ ಪೊದೆಯೊಳಗೆ ದುರ್ಬೀನು ನೇತಾಡುತ್ತಿತ್ತು.

“ನೀವ ಇಟ್ಟೀರೇನು?”

“ಹೌದ್ರಿ.”

“ಯಾಕ?”

“ಕಡೀಕ ನಿಂತು ನೋಡಾಕತ್ತಿದ್ದೆ, ತತ್ತಿ ಕಾಣಿಸ್ತು. ಶುಕ್ರವಾರ ಸಾಹೇಬ್ರು ಬಂದೂಕ ತರ್ತಾರ. ಇದು ಇಲ್ಲದಿದ್ರ ಹಕ್ಕಿ ಅವರಿಗೆ ಕಾಣಂಗಿಲ್ಲ ಅಂತ ಅಲ್ಲೇ ಬಚ್ಚಿಟ್ಟೆ.” ಆಕೆ ಅಮೀನರ ಮುಖ ನೋಡಿದಳು. “ಎಷ್ಟೋ ಬಾಣಂತಿ ಕೋಲಿ ಬಾಗಲಾ ಕಾದೇನಿ ಸಾಬ್. ನಿಮ್ಮ ಮನ್ಯಾಗೂ ಕಾದೇನಿ. ಆ ಬಾಗಲಾಗ ಬಂದೂಕ ಹಿಡದು ನಿಂದ್ರತಾರೇನ್ರಿ?”

ದೇವೇಂದ್ರಪ್ಪನವರ ಮಗಳು ಹುಟ್ಟಿದ ದಿನ ಬೆಳತನಕ ಆ ಬಾಗಿಲು ಕಾದವಳು ಇವಳೇ. ದುರ್ಬೀನು ಎತ್ತಿಕೊಂಡು ಹೋಗಿ ಮಾಲಕರ ಕೈಗೆ ಕೊಟ್ಟರೆ ಪ್ರಕರಣ ಮುಗಿಯುತ್ತದೆ, ಸಾಹೇಬರು ಮೆಚ್ಚುತ್ತಾರೆ, ಈ ಮೊಟ್ಟೆ ತಣ್ಣಗಾಗುತ್ತದೆ. ಬಿಟ್ಟುಬಿಟ್ಟರೆ ಕೆಲಸಕ್ಕೆ ದ್ರೋಹ. ಅವರು ಹಕ್ಕಿಯನ್ನು ನೋಡಿದರು, ತಮ್ಮ ಸೊಂಟಪಟ್ಟಿಯ ಸರಕಾರಿ ಬಿಲ್ಲೆಯನ್ನು ನೋಡಿಕೊಂಡರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

“ನೂರಜಾನಬಿ, ಕಾನೂನು ಪ್ರಕಾರ ನಿಮ್ಮನ್ನ ದಸ್ತಗಿರಿ ಮಾಡೇನಿ!” ಎಂದರು. ಮದುವೆಗೆ ಕರೆಯುವವರ ಉತ್ಸಾಹ ಆ ಮಾತಿನಲ್ಲಿತ್ತು.

ಪೊದೆಯಿಂದ ದುರ್ಬೀನು ಬಿಡಿಸಿಕೊಂಡು ಇಬ್ಬರೂ ಮರಳಿದಾಗ ದೊಡ್ಡಬಸಪ್ಪನವರು ಅದನ್ನು ಕಂಡು ಕೈ ಚಾಚಿದರು. ಅಮೀನರು ಅದನ್ನು ಬಟ್ಟೆಯಲ್ಲಿ ಸುತ್ತಿ, ಪಂಚರ ಎದುರು ಅರಗಿನ ಮುದ್ರೆ ಒತ್ತಿದರು.

“ಇದು ಈಗ ಮುದ್ದೆಮಾಲು. ಕೋರ್ಟಿನ ಹುಕುಂ ಇಲ್ಲದ ಕೊಡಾಕ ಬರಂಗಿಲ್ಲ.”

“ನಾ ದೂರು ವಾಪಸ್ ತಗೋತೀನ್ರಿ!”

“ಅದನ್ನೂ ಕೋರ್ಟಿನಾಗ ಹೇಳ್ರಿ. ತಾರೀಖು ಮುಂದಿನ ತಿಂಗಳ ಸಿಗತೈತಿ. ದ್ಯಾವಪ್ಪ, ಇದು ಗುನ್ಹೆ ನಡೆದ ಜಾಗ. ಸುತ್ತಲೂ ಸುಣ್ಣ ಹಚ್ಚಿದ ಕಲ್ಲು ಇಡು. ದೂರ ಕುಂತು ಕಾಯಿ. ದನಾ ಬರಬಾರದು, ಕುರಿ ಬರಬಾರದು.”

“ಸಾಹೇಬ್ರು ಬಂದ್ರ?”

“ಅವರೂ ಬರಬಾರದು.”

ಆರೋಪಿಗೆ ಜಾಮೀನು ನಿಂತವರು ದೂರುದಾರರ ಹೆಂಡತಿ ವಿರೂಪಾಕ್ಷಮ್ಮ. ಮೊಟ್ಟೆಯ ಸುದ್ದಿ ಕೇಳಿದ ಮೇಲೆ ಅವರು ಗಂಡನ ಕಡೆ ನೋಡಿದ ನೋಟಕ್ಕೆ ದೊಡ್ಡಬಸಪ್ಪನವರು ಮೋಟಾರು ಒರೆಸಲು ಹೋದರು. ತತ್ತಿ ಐತಿ ಅಂತ ನನಗೇನು ಗೊತ್ತು, ಗೊತ್ತಿದ್ರ ಕರೀತಿದ್ನೇನು ಎಂದು ಟಯರಿಗೆ ಹೇಳುತ್ತಿದ್ದರು.

ಶುಕ್ರವಾರ ಸಾಹೇಬರು ಬಂದರು. ದೇವೇಂದ್ರಪ್ಪನವರು ಸಲಾಮು ಹೊಡೆದು ಗಟ್ಟಿಯಾಗಿಯೇ ಅರಿಕೆ ಮಾಡಿಕೊಂಡರು: ಬಯಲು ತನಿಖೆಯಲ್ಲಿದೆ ಹುಜೂರ್, ಸಾಕ್ಷ್ಯ ಕೆಡುತ್ತದೆ. ದೊಡ್ಡಬಸಪ್ಪನವರು ಕೂಡಲೇ, ಹನುಮನಹಳ್ಳಿಯ ಗುಡ್ಡ ಭಾಳ ಛಲೋ ಐತ್ರಿ ಎಂದು ಬಾಯಿ ಹಾಕಿದರು. ಸಾಹೇಬರು ಅರ್ಧ ಗುಡ್ಡ ಹತ್ತಿ, ಏದುಸಿರು ಬಿಟ್ಟು ಕೂತು, ನಿಮ್ಮ ಸೀಮೆಯಲ್ಲಿ ಕಲ್ಲು ಬಹಳ ಎಂದು ಹೇಳಿ ಹೊರಟುಹೋದರು. ವರ್ಗಾವಣೆಯ ಕಾಗದ ಬರಲೇ ಇಲ್ಲ.

ಅಕ್ಟೋಬರಿನಲ್ಲಿ ಪ್ರಕರಣ ರಾಜಿಯಾಯಿತು. ಮುನ್ಸೀಫರು ಮುದ್ದೆಮಾಲನ್ನು ಬಿಡುಗಡೆ ಮಾಡಿ, ಆರೋಪಿಯನ್ನು ಮುಂದೆ ಹೀಗೆ ಮಾಡಬೇಡವೆಂದು ಗದರಿ, ಆ ಹಕ್ಕಿ ಎಷ್ಟು ಎತ್ತರವೆಂದು ಕೇಳಿ ತಿಳಿದುಕೊಂಡರು. ಕಡತದಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ದೇವೇಂದ್ರಪ್ಪನವರು ಬರೆದದ್ದು ಎರಡೇ ಮಾತು: ಬಾಣಂತಿಯ ಕಾವಲು.

ಮರುದಿನವೇ ಶುಕ್ರವಾರ, ಎಲ್ಲರೂ ಬಯಲಿಗೆ ಹೋದರು. ಬಿಸಿಲಿಗೆ ಕಪ್ಪಾಗಿದ್ದ ದ್ಯಾವಪ್ಪ ಓಡಿಬಂದು, “ಬರ್ರಿ, ಬರ್ರಿ, ಮರಿ ಅಡ್ಡಾಡಾಕತ್ತೈತಿ!” ಎಂದ. ಹುಲ್ಲಿನಲ್ಲಿ ದೊಡ್ಡ ಹಕ್ಕಿ ನಿಧಾನ ನಡೆಯುತ್ತಿತ್ತು, ಹಿಂದೆ ಪುಟ್ಟದೊಂದು ಎಡವುತ್ತ ಓಡುತ್ತಿತ್ತು. ನೂರಜಾನಬಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ದುರ್ಬೀನು ಕೈಯಿಂದ ಕೈಗೆ ಹೋಗಿ ದೊಡ್ಡಬಸಪ್ಪನವರ ಬಳಿ ಬಂತು.

“ಎಲ್ಲೈತ್ರಿ? ನನಗ ಕಾಣವಲ್ದು!”

“ಅಗೋ, ಅಲ್ಲಿ,” ಎಂದು ಅಮೀನರು ಕೈಯೆತ್ತಿ, ಬೆರಳು ಮಡಚಿ ತೋರಿಸಿದರು.