ಕಾಣೆಯಾದ ‘ಮತ್ತೆ ಕೇಳಿ’

ಗುಂಡಿ ಒತ್ತಿದಳು. ಟುಕ್ — ಅಷ್ಟೇ. ಮತ್ತೆ ಒತ್ತಿದಳು. ಮತ್ತೆ ಟುಕ್.

ಹೊಲಿಗೆ ಅಂಗಡಿಯ ದೊಡ್ಡಕ್ಕ ಹೆಗಲ ಚೀಲವನ್ನೂ ಇಳಿಸದೆ, ಕತ್ತರಿಸುವ ಮೇಜಿನ ತುದಿಯಲ್ಲಿದ್ದ ರೇಡಿಯೋ ಮುಂದೆ ನಿಂತುಬಿಟ್ಟಳು. ನೇರ ಪ್ರಸಾರ ಬರುತ್ತಿತ್ತು. ಯಾರೋ ಹವಾಮಾನ ಹೇಳುತ್ತಿದ್ದ. ಬಾರದಿದ್ದದ್ದು ‘ಮತ್ತೆ ಕೇಳಿ’. ಆಗಿಹೋದ ಕಾರ್ಯಕ್ರಮಗಳನ್ನು ನಮಗೆ ಬೇಕೆಂದಾಗ ಕೇಳಿಸುವ ಸೌಲಭ್ಯ ಅದು. ಬೆಳಗ್ಗೆ ಅವಳು ಕಣ್ಣಾಸ್ಪತ್ರೆಗೆ ಹೊರಟಾಗ ಚೆನ್ನಾಗಿಯೇ ಇತ್ತು.

“ಏನಾಗಿದೆಯೇ ಇದಕ್ಕೆ? ಸ್ವಲ್ಪ ನೋಡು, ಏನು ಬರೆದಿದೆ?”

ಹೊಲಿಗೆ ಯಂತ್ರ ನಿಲ್ಲಿಸಿ ತಂಗಿ ಎದ್ದು ಬಂದಳು. ರೇಡಿಯೋದ ಪುಟ್ಟ ಪರದೆಯತ್ತ ಬಗ್ಗಿದಳು. “‘ಈ ಸೌಲಭ್ಯವನ್ನು ನಿಲ್ಲಿಸಲಾಗಿದೆ’ ಅಂತಿದೆ ಅಕ್ಕ.”

“ಯಾಕಂತೆ?”

“ಯಾಕೆ ಅಂತ ಬರೆದಿಲ್ಲ.”

ದೊಡ್ಡಕ್ಕನಿಗೆ ಮೈ ಉರಿದುಹೋಯಿತು. ನಿಲ್ಲಿಸುವುದಂತೆ, ಯಾಕೆ ಅಂತ ಹೇಳುವುದಿಲ್ಲವಂತೆ! ಅವಳ ಮಟ್ಟಿಗೆ ಅದು ಬರೀ ಒಂದು ಗುಂಡಿಯಲ್ಲ. ಎರಡು ವರ್ಷದಿಂದ ಅವಳ ದೃಷ್ಟಿಯ ನಡುಮಧ್ಯಕ್ಕೆ ಮಂಜು ಕವಿಯುತ್ತಿತ್ತು. ಬಾಗಿಲು ಕಾಣುತ್ತಿತ್ತು, ಮನುಷ್ಯರು ಕಾಣುತ್ತಿದ್ದರು, ಆದರೆ ನೆಟ್ಟು ನೋಡಿದ ಅಕ್ಷರ ಮಾತ್ರ ಕರಗಿಹೋಗುತ್ತಿತ್ತು. ಓದುವ ಹುಚ್ಚಿನ ಹೆಂಗಸು ಅವಳು. ಕಣ್ಣು ಕೈಕೊಟ್ಟ ಮೇಲೆ ಕಿವಿಯಿಂದ ಓದುವುದನ್ನು ಕಲಿತಳು. ಮಧ್ಯಾಹ್ನ ರೇಡಿಯೋದಲ್ಲಿ ಕಾದಂಬರಿ ಓದುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳ ಜಾತ್ರೆ. ಸಂಜೆ ಎಲ್ಲ ಅಡಗಿದ ಮೇಲೆ ‘ಮತ್ತೆ ಕೇಳಿ’ ಒತ್ತಿ, ಅಂದಿನ ಕಾರ್ಯಕ್ರಮಗಳನ್ನು ಮೊದಲಿನಿಂದ ಕೊನೆಯತನಕ ಕೇಳುತ್ತ, ಕೈಹೊಲಿಗೆಯ ಕೆಲಸ ಮುಗಿಸುತ್ತಿದ್ದಳು. ಹೊಲಿಯಲು ಅವಳಿಗೆ ಬೆರಳುಗಳೇ ಸಾಕಾಗುತ್ತಿದ್ದವು.

ಕಣ್ಣಿನ ವಿಷಯ ತಂಗಿಗೊಬ್ಬಳಿಗೇ ಗೊತ್ತು. ಬೀದಿಗೆ ಗೊತ್ತಾದರೆ ಮುಗಿಯಿತು. ಕಣ್ಣು ಕಾಣದ ದರ್ಜಿಗೆ ಬಟ್ಟೆ ಕೊಡುವವರು ಯಾರು?

ರೇಡಿಯೋ ಕಂಪನಿಗೆ ಫೋನ್ ಮಾಡಿದಳು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದು ಯಂತ್ರ ಹಾಡಿತು. ಆಮೇಲೆ ಕೊಳಲು ಬಾರಿಸಿತು. ಕೊಳಲು ಕೇಳಿ ಕೇಳಿ ಕಿವಿ ತೂತಾಗುವ ಹೊತ್ತಿಗೆ ಒಬ್ಬ ಹುಡುಗಿ ಬಂದು, “ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ ಮೇಡಂ,” ಎಂದು ಕರೆ ಕತ್ತರಿಸಿದಳು.

“ಸರಿಯಾಗಿದೆಯಂತೆ! ನನ್ನ ಕಿವಿ ಮೇಲೆ ಹೂ ಇಡ್ತಾರೆ!”

“ಬಿಡಕ್ಕ, ನಾನು ಇಮೇಲ್ ಹಾಕ್ತೀನಿ,” ಎಂದಳು ತಂಗಿ. ಹಾಕಿದೆನೆಂದೂ ಹೇಳಿದಳು. ದಿನಗಳು ಕಳೆದವು. ಉತ್ತರ ಬರಲಿಲ್ಲ. ಕಾದಂಬರಿಯಲ್ಲಿ ಹಡಗಿನ ವೈದ್ಯನನ್ನು ಯಾರು ನೀರಿಗೆ ನೂಕಿದರೋ ದೊಡ್ಡಕ್ಕನಿಗೆ ಕೊನೆಗೂ ತಿಳಿಯಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು. ಗಿರಾಕಿಗಳು ಬಟ್ಟೆ ತಂದು, ಮೆಲ್ಲಗೆ, “ಚಿಕ್ಕವರ ಕೈಗೇ ಕೊಡಿ ಅಮ್ಮ,” ಎಂದು ತಂಗಿಯನ್ನು ತೋರಿಸುತ್ತಿದ್ದರು. ದೊಡ್ಡಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ಸಿಟ್ಟೆಲ್ಲ ಕಂಪನಿಯ ಮೇಲಿತ್ತು.

ಹೀಗಿರುವಾಗ ವಿಮೆ ಮೇಡಂ ತಮ್ಮ ಕೋಟು ತೆಗೆದುಕೊಂಡು ಹೋಗಲು ಬಂದರು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಬೆಂಕಿ, ಸುಳ್ಳು ಕಳವು, ಸುಳ್ಳು ಸಾವುಗಳನ್ನು ಪತ್ತೆ ಹಚ್ಚಿ ನಿವೃತ್ತರಾದವರು. ಬೀದಿಯಲ್ಲಿ ಬೆಕ್ಕು ಕಾಣೆಯಾದರೂ ಜನ ಅವರ ಬಾಗಿಲನ್ನೇ ತಟ್ಟುತ್ತಿದ್ದರು. ದೊಡ್ಡಕ್ಕ ಕೋಟು ಕೊಡುವ ಮೊದಲು ತನ್ನ ಗೋಳು ಹೇಳಿಕೊಂಡಳು. ತಂಗಿ ಅಸ್ತರಿನ ಬಟ್ಟೆ ತರಲು ಪೇಟೆಗೆ ಹೋಗಿದ್ದಳು.

ವಿಮೆ ಮೇಡಂ ರೇಡಿಯೋ ಬಳಿ ಹೋಗಿ ಗುಂಡಿ ಒತ್ತಿದರು. ಟುಕ್. ಪರದೆಯತ್ತ ಬಗ್ಗಿದರು.

“ಪರದೆ ಮೇಲೆ ಏನಿದೆ ದೊಡ್ಡಕ್ಕ?”

“ಇನ್ನೇನಿರತ್ತೆ? ‘ಈ ಸೌಲಭ್ಯವನ್ನು ನಿಲ್ಲಿಸಲಾಗಿದೆ’ ಅಂತ. ಯಾಕೆ, ಏನು — ಒಂದಕ್ಷರ ಇಲ್ಲ.”

“ಹೂಂ,” ಎಂದರು ಮೇಡಂ. “ನಿಂತಿದ್ದು ಯಾವತ್ತು?”

“ನಾನು ಆಸ್ಪತ್ರೆಗೆ... ಒಂದು ಕೆಲಸದ ಮೇಲೆ ಹೋಗಿದ್ದೆ. ಸೋಮವಾರ. ಬರೋಷ್ಟರಲ್ಲಿ ನಿಂತಿತ್ತು.”

“ಅವತ್ತು ಅಂಗಡಿಯಲ್ಲಿ ಯಾರ್ಯಾರು ಇದ್ದರು?”

“ತಂಗಿ ಇದ್ದಳು. ಮೂಲೆಯಲ್ಲಿ ಇವನು ಇದ್ದ.”

‘ಇವನು’ ಎಂದರೆ ಇಸ್ತ್ರಿಯವನು. ಮೂಲೆಯ ಮೇಜಿನಲ್ಲಿ ಹಬೆಯ ನಡುವೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

“ನಿನಗೆ ಈ ಕಥೆ ಕಾದಂಬರಿ ಸೇರತ್ತೇನಪ್ಪಾ?” ಮೇಡಂ ಕೇಳಿದರು.

“ದೇವರಾಣೆ ಸೇರಲ್ಲ ಮೇಡಂ! ಎರಡು ಹಾಡು ಹಾಕಿ ಅಂದ್ರೆ ಈಯಮ್ಮ ಹಡಗು, ವೈದ್ಯ ಅಂತ ಕೊರೀತಾರೆ. ನಿಂತಿದ್ದು ಒಳ್ಳೇದೇ ಆಯ್ತು ಅಂದ್ಕೊಂಡೆ. ಆದ್ರೆ ಕೈ ಹಾಕಿದ್ದು ನಾನಲ್ಲ. ಒದ್ದೆ ಕೈಲಿ ಅದನ್ನು ಮುಟ್ಟಿದ್ರೆ ಈಯಮ್ಮ ನನ್ನನ್ನೇ ಇಸ್ತ್ರಿ ಮಾಡ್ತಾರೆ.”

“ಸೋಮವಾರ ಬೇರೆ ಯಾರೂ ಅದನ್ನು ಮುಟ್ಟಲಿಲ್ವಾ?”

“ನನಗೇನ್ ಗೊತ್ತು? ಆ ಮಧ್ಯಾಹ್ನ ಚಿಕ್ಕವರು ನನ್ನನ್ನು ಟೀ ಕುಡ್ಕೊಂಡು ಬಾ ಅಂತ ಕಳ್ಸಿದ್ರು. ನಾನು ಕೇಳದೇನೇ!”

ಅಷ್ಟರಲ್ಲಿ ತಂಗಿಯ ಗಂಡ ಬಂದ. ಬಸ್ ಚಾಲಕ, ಪಾಳಿ ಮುಗಿಸಿ ಮನೆಯ ಬೀಗದಕೈಗೆ ಬಂದಿದ್ದ. ಎರಡು ವರ್ಷದ ಹಿಂದೆ ಆ ರೇಡಿಯೋ ತಂದುಕೊಟ್ಟವನು ಅವನೇ. ಮೇಡಂ ಅವನನ್ನೂ ಬಿಡಲಿಲ್ಲ.

“ಚಂದಾ ಕಟ್ಟೋದು ಮರೆತಿದ್ದೀರಾ?”

“ಇಲ್ಲ ಮೇಡಂ. ಕಟ್ಟದೇ ಇದ್ರೆ ಪೂರ್ತಿ ನಿಲ್ತಿತ್ತಲ್ವಾ?”

“ಇದರ ಒಳಗಿನ ವ್ಯವಸ್ಥೆಯೆಲ್ಲ ಮಾಡಿದ್ದು ನೀವೇನಾ?”

“ಅಯ್ಯೋ, ಪೆಟ್ಟಿಗೆ ಬಿಚ್ಚಿ ವೈರ್ ಸಿಕ್ಕಿಸಿದ್ದಷ್ಟೇ ನಾನು. ಮಿಕ್ಕಿದ್ದೆಲ್ಲ ನನ್ನ ಹೆಂಡತಿನೇ ಮಾಡ್ಕೊಂಡಳು.” ಅವನು ಗೋಡೆಯ ಮೊಳೆಯಿಂದ ಬೀಗದಕೈ ತೆಗೆದುಕೊಂಡು ಹೊರಟುಹೋದ.

ವಿಮೆ ಮೇಡಂ ತಮ್ಮ ಮೊಬೈಲ್ ತೆಗೆದು, ಅದೇ ರೇಡಿಯೋ ನಿಲಯವನ್ನು ಹುಡುಕಿ, ಏನೋ ಒತ್ತಿದರು. ಕಾದಂಬರಿ ಓದುವವನ ಗಂಭೀರ ಧ್ವನಿ ಅಂಗಡಿಯಲ್ಲಿ ಮೊಳಗಿತು.

ದೊಡ್ಡಕ್ಕ ಬೆಚ್ಚಿಬಿದ್ದಳು. “ಇದು ಹಳೇ ಕಂತು! ನಿಮಗೆ ಹೇಗೆ ಬಂತು?”

“ಎಲ್ಲರಿಗೂ ಬರತ್ತೆ. ಕಂಪನಿ ಏನನ್ನೂ ನಿಲ್ಲಿಸಿಲ್ಲ.” ಮೇಡಂ ಇಸ್ತ್ರಿಯವನ ಕಡೆ ತಿರುಗಿದರು. “ಇವತ್ತೂ ಒಂದು ಟೀ ಕುಡಿದು ಬಾಪ್ಪ.”

ಅವನು ಗೊಣಗುತ್ತ ಹೋದ ಮೇಲೆ ಮೇಡಂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಹಳ ಹೊತ್ತು ಏನನ್ನೋ ಕೇಳಿದರು. ಅವರ ಮುಖ ದೊಡ್ಡಕ್ಕನಿಗೆ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. ಅದು ಭಾರವಾಯಿತು.

“ಯಾರು ಮೇಡಂ? ಹೇಳಿಬಿಡಿ.”

“ಮೊದಲು ಒಂದು ವಿಷಯ. ನಿಮಗೆ ಕಣ್ಣು ಕಾಣಲ್ಲ — ಅಲ್ವಾ?”

ದೊಡ್ಡಕ್ಕ ಥಟ್ಟನೆ ಬಾಗಿಲ ಕಡೆ ತಿರುಗಿದಳು. “ಯಾರು ಹೇಳಿದ್ದು?”

“ಈ ಪರದೆ ಹೇಳಿತು. ಇದರ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. ನೀವು ಹೇಳಿದ ಸಾಲಲ್ಲ, ಬೇರೆ. ದಿನಾ ಇದರ ಮುಂದೆ ನಿಲ್ತೀರಿ, ಇಲ್ಲದ್ದನ್ನು ಇದೆ ಅಂತೀರಿ. ಅಂದ್ರೆ ನೀವು ಓದಿಲ್ಲ. ಯಾರೋ ಓದಿ ಹೇಳಿದ್ದಾರೆ. ತಪ್ಪಾಗಿ ಹೇಳಿದ್ದಾರೆ — ಬೇಕು ಅಂತಲೇ.” ಮೇಡಂ ದನಿ ತಗ್ಗಿಸಿದರು. “ಓದಿ ಹೇಳು ಅಂತ ಯಾರನ್ನು ಕೇಳಿದಿರಿ?”

ಈ ಲೋಕದಲ್ಲಿ ದೊಡ್ಡಕ್ಕ ಹಾಗೆ ಕೇಳಬಹುದಾದವಳು ಒಬ್ಬಳೇ ಒಬ್ಬಳಿದ್ದಳು.

“ಮಕ್ಕಳು ಕೇಳಬಾರದ್ದನ್ನು ಕೇಳದಿರಲಿ ಅಂತ ಈ ರೇಡಿಯೋದಲ್ಲಿ ಒಂದು ಬೀಗ ಇದೆ. ಗುಟ್ಟಿನ ಸಂಖ್ಯೆ ಹಾಕಿದರೆ ಬೇಕಾದ ಭಾಗವನ್ನು ಮುಚ್ಚಬಹುದು. ಸೋಮವಾರ ಅದನ್ನು ಮುಚ್ಚಿದ್ದಾರೆ. ಯಾಕೆ ಸೋಮವಾರ? ಅವತ್ತಿನ ಕಾರ್ಯಕ್ರಮ ಒಂದೊಂದೇ ಕೇಳ್ತಾ ಬಂದೆ. ಮಧ್ಯಾಹ್ನ ಸಲಹೆ ಕಾರ್ಯಕ್ರಮ. ಕೇಳುಗರು ಫೋನ್ ಮಾಡಿ ಕಷ್ಟ ಹೇಳ್ಕೋತಾರೆ.” ಮೇಡಂ ಇಯರ್‌ಫೋನ್ ಕಿತ್ತಿಟ್ಟರು. “ಕೇಳಲೇಬೇಕಾ ದೊಡ್ಡಕ್ಕ?”

“ಹಾಕಿ.”

ಮೊಬೈಲಿನಿಂದ ಹೊರಟ ಧ್ವನಿಯನ್ನು ದೊಡ್ಡಕ್ಕ ಅದರ ಮೊದಲ ತೊದಲಿನಿಂದಲೂ ಬಲ್ಲಳು. ಹೆಸರು ಬೇಡ ಎಂದಿತು ಅದು. ಹೊಲಿಗೆ ಅಂಗಡಿ ಎಂದಿತು. ‘ನಮ್ಮಕ್ಕನಿಗೆ ಕಣ್ಣು ಕಾಣಲ್ಲ, ಆದ್ರೂ ಅಂಗಡಿ ಬಿಡಲ್ಲ. ಅವಳು ಹೊಲಿದಿದ್ದನ್ನೆಲ್ಲ ಕದ್ದು ಬಿಚ್ಚಿ ಮತ್ತೆ ನಾನೇ ಹೊಲೀತೀನಿ. ಗಿರಾಕಿಗಳಿಗೆ ಗೊತ್ತಿಲ್ಲ. ಅವಳನ್ನು ಹೇಗೆ ಮನೆಯಲ್ಲಿ ಕೂರಿಸೋದು ಹೇಳಿ ಸಾರ್.’

ಬೀದಿಗೆ ಬೀದಿಯೇ ಕೇಳಿತ್ತು. ಚಿಕ್ಕವರ ಕೈಗೇ ಕೊಡಿ ಅಮ್ಮ!

“ಸುಳ್ಳು,” ಎಂದಳು ದೊಡ್ಡಕ್ಕ. “ಕದ್ದು ಬಿಚ್ಚಿ ಹೊಲಿಯೋದು — ಅದು ಸುಳ್ಳು. ನಿಮ್ಮ ಕೋಟಿನ ಅಂಚು ನಾನೇ ಹೊಲಿದಿದ್ದು.”

ಸರಸರನೆ ಕೋಟನ್ನು ಎಳೆದುಕೊಂಡು ಅಂಚಿನ ಒಳಮಡಿಕೆಯ ಮೇಲೆ ಬೆರಳು ಓಡಿಸಿದಳು. ಅವರಮ್ಮ ಇಬ್ಬರಿಗೂ ಕಲಿಸಿದ್ದು ಒಂದೇ ಹೊಲಿಗೆ. ಆದರೆ ದಾರ ಮುಗಿಸುವಾಗ ದೊಡ್ಡಕ್ಕ ಗಂಟು ಹಾಕುತ್ತಿರಲಿಲ್ಲ. ತುದಿಯನ್ನು ಮಡಿಕೆಯೊಳಗೆ ಉದ್ದಕ್ಕೆ ಓಡಿಸಿ ಬಿಟ್ಟುಬಿಡುತ್ತಿದ್ದಳು. ತಂಗಿಗೆ ಆ ಧೈರ್ಯ ಯಾವತ್ತೂ ಇರಲಿಲ್ಲ.

ಬೆರಳಿಗೆ ಗಂಟು ಸಿಕ್ಕಿತು. ಸಣ್ಣ, ಗಟ್ಟಿಯಾದ, ಅಚ್ಚುಕಟ್ಟಾದ ಗಂಟು. ಸ್ವಲ್ಪ ಮುಂದೆ ಇನ್ನೊಂದು.

ಕಂಪನಿಯನ್ನು ಬೈಯುವಾಗ ಇದ್ದ ಸಿಟ್ಟಿನಲ್ಲಿ ಒಂದು ಸುಖವಿತ್ತು. ಈ ಸಿಟ್ಟಿನಲ್ಲಿ ಏನೂ ಇರಲಿಲ್ಲ.

ಬಾಗಿಲು ಸದ್ದಾಯಿತು. ಅಸ್ತರಿನ ಬಟ್ಟೆಯ ಸುರುಳಿ ಹೊತ್ತು ತಂಗಿ ಒಳಬಂದಳು. ಮೇಡಂ ಕೈಯಲ್ಲಿದ್ದ ಮೊಬೈಲ್, ಅಕ್ಕನ ಕೈಯಲ್ಲಿದ್ದ ಕೋಟು — ಎರಡನ್ನೂ ನೋಡಿ ಅಲ್ಲೇ ನಿಂತಳು.

“ಒಂದು ತಿಂಗಳಾದ ಮೇಲೆ ಹಳೇ ಕಾರ್ಯಕ್ರಮ ತಾನಾಗೇ ಅಳಿಸಿಹೋಗತ್ತೆ,” ಎಂದರು ವಿಮೆ ಮೇಡಂ. “ಆಮೇಲೆ ಬೀಗ ತೆಗೆದು, ‘ಸರಿಹೋಯ್ತು ನೋಡಕ್ಕ’ ಅಂತ ಹೇಳೋಣ ಅಂದ್ಕೊಂಡಿದ್ರಿ. ಅಲ್ವಾ?”

ತಂಗಿಯ ಕೈಯಿಂದ ಸುರುಳಿ ಜಾರಿತು.

“ನನ್ನ ಹೊಲಿಗೆ ಕೆಟ್ಟಿತ್ತೇನೇ?” ದೊಡ್ಡಕ್ಕ ಕೇಳಿದಳು.

“ಕೆಲವು ಸಲ... ಅಕ್ಕ, ಕೆಲವೇ ಸಲ.”

“ಬಿಚ್ಚಿದ್ದು?”

“...ಎಲ್ಲಾ.”

“ನನಗೊಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಗೆ ಹೇಳ್ಲಿ ಅಕ್ಕ? ನಿನಗೆ ನೋವಾಗತ್ತೆ ಅಂತ...”

“ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳಿದೆ.”

ತಂಗಿ ಅಳುತ್ತಿದ್ದಳು. ರೇಡಿಯೋದ ಸಾರ್ ಏನಾದರೂ ದಾರಿ ಹೇಳುತ್ತಾರೆ ಅಂದುಕೊಂಡೆ, ಗುರುತು ಸಿಗುವುದಿಲ್ಲ ಅಂದುಕೊಂಡೆ ಎಂದು ಏನೇನೋ ತೊದಲಿದಳು. ವಿಮೆ ಮೇಡಂ ಕೋಟನ್ನು ಮೇಜಿನ ಮೇಲೆಯೇ ಬಿಟ್ಟು, ಸದ್ದಿಲ್ಲದೆ ಹೊರಗೆ ನಡೆದರು.

ದೊಡ್ಡಕ್ಕ ತಡವಿ ರೇಡಿಯೋದ ಗುಂಡಿ ಒತ್ತಿದಳು. ಟುಕ್.

“ಬಾ ಇಲ್ಲಿ. ಏನು ಬರೆದಿದೆ, ಓದು.”

“ಅಕ್ಕ, ಬೇಡ...”

“ಓದು ಅಂದೆ.”

ತಂಗಿ ಬಗ್ಗಿದಳು.

“‘ಈ ಭಾಗಕ್ಕೆ ನಿಮ್ಮ ಮನೆಯವರೇ ಬೀಗ ಹಾಕಿದ್ದಾರೆ.’”

ದೊಡ್ಡಕ್ಕ ಕುರ್ಚಿ ಎಳೆದು ಕೂತಳು. ಕೋಟಿನ ಅಂಚನ್ನು ಮಡಿಲಿಗೆ ಹಾಕಿಕೊಂಡು, ಮೊದಲ ಗಂಟಿಗೆ ಉಗುರು ಕೊಟ್ಟು ಬಿಚ್ಚತೊಡಗಿದಳು.

“ಮತ್ತೆ ಓದು,” ಎಂದಳು.